ಬೇರೆಡೆಗೆ ಹೋದ ಮಣ್ಣು

ತೊಂಬತ್ತಾರನೆಯ ಇಸವಿ, ಯುಗಾದಿಗೆ ಮುಂಚಿನ ಭಾನುವಾರ, ಬೆಳಿಗ್ಗೆ ಹತ್ತರ ಸುಮಾರು. ನಾನು ನಿಂತಿದ್ದದ್ದು ಕೃಷ್ಣರಾಜಪುರದಿಂದ ಆಚೆ, ಹಳೆ ಮದ್ರಾಸು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಹೊಸ ಬಡಾವಣೆಯಲ್ಲಿ, ನನ್ನ ಅಕ್ಕ ಮತ್ತು ಭಾವ ಕೊಂಡಿದ್ದ ಸೈಟಿನ ಈಶಾನ್ಯ ಮೂಲೆಯ ಗಡಿಕಲ್ಲಿನ ಪಕ್ಕದಲ್ಲಿ. ಬಿಸಿಲು ಬೆನ್ನಿಗಿತ್ತು. ಎದುರಿಗಿದ್ದದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಒಂದು ಟ್ರ್ಯಾಕ್ಟರ್ ಹಿಂದಕ್ಕೆ ಬಂತು, ಅದರ ಟ್ರೇಲರ್ ಮೇಲೆದ್ದು ಸೈಟಿನೊಳಕ್ಕೆ ಮಣ್ಣು ಸುರಿಯಿತು. ಕೆಂಪು ಮಣ್ಣು. ನಡುವೆ ಅಲ್ಲಲ್ಲಿ ಹಳದಿ ಹೆಂಟೆಗಳಿದ್ದವು. ಉರುಳಿ ಒಡೆದ ಹೆಂಟೆಯ ಒಳಗೆ ಬಣ್ಣ ಇನ್ನೂ ಗಾಢವಾಗಿತ್ತು, ಹಳದಿಗಿಂತ ಸ್ವಲ್ಪ ಹಸಿರಿನ ಕಡೆಗೆ.

ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಎಷ್ಟೋ ವರ್ಷಗಳ ಮೇಲೆ ಒಂದು ಕಚೇರಿಯಲ್ಲಿ ನನ್ನನ್ನು ಮೊದಲು ಕೇಳಿದ ಪ್ರಶ್ನೆಯೇ, “ನೀವು ಎಲ್ಲಿ ನಿಂತಿದ್ರಿ?” ಎಂದು. ಹೇಳಿದೆ. ಬರೆದುಕೊಂಡರು. ಬರೆದುಕೊಂಡದ್ದರಿಂದ ಏನೂ ಆಗಲಿಲ್ಲ. ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತಿದ್ದೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಉದ್ಯೋಗವೂ ಅಂಥದೇ ಆಗಿತ್ತು. ದೊಡ್ಡನೆಕ್ಕುಂದಿ ಕಡೆಯ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ಸರಿ ಅಥವಾ ತಪ್ಪು ಎಂದು ಹೇಳುವುದು. ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುವ ಅಭ್ಯಾಸ ಅಲ್ಲಿಂದ ಬಂದದ್ದು.

ಅಕ್ಕ ಹಲಸೂರಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಬಾಡಿಗೆಯ ವಠಾರದಲ್ಲಿದ್ದಳು. ಭಾವ ಶಿವಾಜಿನಗರದ ಒಂದು ಗಲ್ಲಿಯಲ್ಲಿ ರವಿಕೆ ಹೊಲಿಯುವ ಟೈಲರ್. ವಠಾರದ ಒಂದೇ ನಲ್ಲಿಗೆ ಸಾಲು ನಿಂತು ನಿಂತು ಅಕ್ಕನಿಗೆ ಒಂದೇ ಆಸೆ ಉಳಿದಿತ್ತು, ತನ್ನದೇ ಬಾವಿ ಇರುವ ಮನೆ. ಆ ಸೈಟು ಕೆರೆಯ ಕಡೆಗೆ ಇಳಿಜಾರಿನಲ್ಲಿತ್ತು, ರಸ್ತೆಗಿಂತ ತಗ್ಗಾಗಿತ್ತು, ಹಾಗಾಗಿ ಅಗ್ಗವಾಗಿತ್ತು. ಸ್ವಲ್ಪ ಅಗೆದರೂ ನೀರು ಸಿಗುತ್ತದೆ ಎಂದು ಕೇಳಿದ ಮೇಲೆ ಅಕ್ಕ ಬೇರೆ ಯಾವ ಸೈಟನ್ನೂ ನೋಡಲಿಲ್ಲ.

ತಗ್ಗಿನ ಸೈಟು ಕೊಂಡವರು ಮೊದಲು ಮಾಡುವ ಕೆಲಸ ಮಣ್ಣು ಹೊಡೆಸುವುದು. ಬೆಂಗಳೂರಿನ ಹೊರಗಿನ ಬಡಾವಣೆಗಳಲ್ಲಿ ಓಡಾಡಿದವರೆಲ್ಲ ಆ ಬೋರ್ಡು ನೋಡಿರುತ್ತಾರೆ: ‘ಇಲ್ಲಿ ಮಣ್ಣು ಬೇಕಾಗಿದೆ’. ಎಲ್ಲೋ ಪಾಯ ತೆಗೆದವರಿಗೆ ಮಣ್ಣು ಸುರಿಯಲು ಜಾಗ ಬೇಕು, ಇಲ್ಲಿ ಹಳ್ಳ ತುಂಬಬೇಕು. ಟ್ರ್ಯಾಕ್ಟರಿನವರು ಬೋರ್ಡು ನೋಡಿ ತಂದು ಸುರಿದು ಹೋಗುತ್ತಾರೆ. ಮಣ್ಣು ಎಲ್ಲಿಯದು ಎಂದು ಯಾರೂ ಕೇಳುವುದಿಲ್ಲ. ಮಣ್ಣು ಎಂದರೆ ಮಣ್ಣು. ಭಾವ ಒಂದು ತಗಡಿನ ಮುಚ್ಚಳದ ಮೇಲೆ ತಮ್ಮ ಕೈಯಿಂದಲೇ ಬಣ್ಣದಲ್ಲಿ ಬರೆದು, ಒಂದು ಕೋಲಿಗೆ ಕಟ್ಟಿ ಸೈಟಿನ ಮುಂದೆ ನೆಟ್ಟಿದ್ದರು.

ಆ ಭಾನುವಾರ ಟ್ರ್ಯಾಕ್ಟರಿನ ಚಾಲಕ ತಮಾಷೆಯ ಮನುಷ್ಯ. ಹಳದಿ ಹೆಂಟೆ ನೋಡಿ ಅಕ್ಕನಿಗೆ ಹೇಳಿದ:

“ಅಕ್ಕಾ, ಅರಿಶಿನದ ಮಣ್ಣೇ ಬಿದ್ದೈತೆ ನಿಮ್ ಸೈಟ್‌ಗೆ. ಗುದ್ದಲಿ ಪೂಜೆಗೆ ಬೇರೆ ಅರಿಶಿನ ತರೋದೇ ಬೇಡ!”

“ಬಾಯ್ ಮುಚ್ಕೊಂಡು ಇನ್ನೊಂದ್ ಲೋಡ್ ತಗೊಂಬಾ ಗುರು,” ಎಂದರು ಭಾವ, ನಗುತ್ತಲೇ.

ಆದರೆ ಅಕ್ಕ ಆ ಮಾತನ್ನು ತಮಾಷೆ ಎಂದುಕೊಳ್ಳಲಿಲ್ಲ. ಬಾಗಿ ಒಂದು ಹೆಂಟೆ ಎತ್ತಿಕೊಂಡು ತಿರುಗಿಸಿ ನೋಡಿ, “ಶುಭಾನೇ ಕಣೋ,” ಎಂದಳು ನನಗೆ. ಮುಂದಿನ ತಿಂಗಳು ಗುದ್ದಲಿ ಪೂಜೆಯ ದಿನ ಈಶಾನ್ಯದಲ್ಲಿ ತೆಗೆದ ಗುಣಿಯ ಸುತ್ತ ಅಂಥ ಹೆಂಟೆಗಳನ್ನೇ ಆರಿಸಿ ಇಟ್ಟಳು. ಪುರೋಹಿತರೂ ಬೇಡವೆನ್ನಲಿಲ್ಲ. ಅವುಗಳ ಮೇಲೆ ಹೂವಿಟ್ಟು ಮಂತ್ರ ಹೇಳಿದರು.

ಆ ಭಾನುವಾರವೇ ನಾನು ಎರಡನೆಯ ಲೋಡಿಗೆ ಚಾಲಕನ ಜೊತೆ ಹೋದೆ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತಿದ್ದೆ. ಹೋದದ್ದು ಹಳೆ ಮದ್ರಾಸು ರಸ್ತೆಯ ಬದಿಯಲ್ಲಿ ಮುಚ್ಚಿಹೋಗಿದ್ದ ಒಂದು ಪ್ಲೇಟಿಂಗ್ ಶೆಡ್ಡಿಗೆ. ನಲ್ಲಿ, ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮಿನ ಹೊಳಪು ಕೊಡುತ್ತಿದ್ದ ಜಾಗ. ದಿನಾ ಕಾರ್ಖಾನೆಯ ಬಸ್ಸಿನಿಂದ ಅದನ್ನು ನೋಡುತ್ತಿದ್ದೆ, ಒಳಗೆ ಕಾಲಿಟ್ಟದ್ದು ಅಂದೇ. ಶೀಟು ಕಳಚಿದ್ದರು. ಅಂಗಳದಲ್ಲಿ ಜೆಸಿಬಿ ನೆಲ ಕೆರೆದು ರಾಶಿ ಹಾಕುತ್ತಿತ್ತು. ಮೇಸ್ತ್ರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ.

“ಏನು ನಡೀತಿದೆ ಇಲ್ಲಿ?” ಎಂದು ಚಾಲಕನನ್ನು ಕೇಳಿದೆ.

“ಬಿಲ್ಡರ್‌ಗೆ ಕೊಟ್ಟವ್ರೆ ಸಾರ್ ಈ ಜಾಗಾನ. ಆಫೀಸ್ನೋರು ಬಂದು, ಕ್ಲೀನ್ ಮಾಡ್ಕೊಡಿ, ಮೇಲ್ಮಣ್ಣೆಲ್ಲ ತೆಗೀರಿ ಅಂದವ್ರಂತೆ. ಎಲ್ಲಿಗೆ ಹಾಕ್ಲಿ ಅಂತ ಶೆಡ್ಡಿನೋರ್ನ ಕೇಳ್ದೆ. ಎಲ್ಲಾದ್ರೂ ಹಾಕಯ್ಯ ಅಂದ್ರು. ದಾರೀಲಿ ನಿಮ್ ಬೋರ್ಡ್ ಕಾಣಿಸ್ತು.”

ಹೀಗೆ ಮಣ್ಣು ಎದ್ದದ್ದನ್ನೂ ಅದು ಬಿದ್ದದ್ದನ್ನೂ ನಾನು ನೋಡಿದ್ದೇನೆ. ಎರಡು ಕಡೆಯೂ ನಿಂತಿದ್ದವರು ಚಾಲಕ ಮತ್ತು ನಾನು, ಇಬ್ಬರೇ.

ಅಕ್ಕನ ಸೈಟು ತುಂಬಿದ ಮೇಲೆ ಅದೇ ಮಣ್ಣು ಆ ಬೀದಿಯ ಇನ್ನೂ ಕೆಲವು ಸೈಟುಗಳಿಗೆ ಹೋಯಿತು. ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು ಆ ಊರಿನ ಹಳೆಯ ಒಕ್ಕಲು. ಬಡಾವಣೆ ಎದ್ದದ್ದೇ ಅವರ ಹೊಲದ ಮೇಲೆ, ತಮಗೆಂದು ಕೆಲವು ಸೈಟು ಉಳಿಸಿಕೊಂಡಿದ್ದರು. ಅವಕ್ಕೂ ಹೊಡೆಸಿದರು. ಎದುರಿಗೆ ಶೀಟಿನ ಮನೆಯಲ್ಲಿ ಹೂ ಕಟ್ಟಿ ಮಾರುವ ತಮಿಳು ಹೆಂಗಸೊಬ್ಬಳಿದ್ದಳು. ಆ ಬಿಸಿಲಲ್ಲಿ ನಮಗೆಲ್ಲ ಮಜ್ಜಿಗೆ ತಂದುಕೊಟ್ಟವಳು ಅವಳೇ. ತನ್ನ ಮನೆಯ ಮುಂದಿನ ಗುಂಡಿಗೂ ಸ್ವಲ್ಪ ಹಾಕಿಸಿಕೊಂಡಳು.

ಮರುವರ್ಷ ಮನೆ ಆಯಿತು. ಹಿತ್ತಲಿನಲ್ಲಿ ಬಾವಿ ತೆಗೆಸಿದರು, ಸಿಮೆಂಟು ರಿಂಗು ಇಳಿಸಿದರು. ನೀರು ಸಿಹಿಯಾಗಿತ್ತು. ಅಕ್ಕ ಬಾವಿಕಟ್ಟೆಯ ಮೇಲೆ ಕುಳಿತು ಬಟ್ಟೆ ಒಗೆಯುವಾಗ ಯಾರಾದರೂ ಬಂದರೆ, ಮೊದಲು ಒಂದು ಕೊಡ ಸೇದಿ ಅವರಿಗೆ ಕುಡಿಸಿಯೇ ಮಾತು.

ಕೆಲವು ಮಳೆಗಾಲ ಕಳೆದವು. ಮಳೆ ನಿಂತು ಗೋಡೆ ಒಣಗುವಾಗ ಬುಡದಲ್ಲಿ ಹಳದಿ ಉಪ್ಪು ಅರಳುತ್ತಿತ್ತು. ಅಕ್ಕ ಪೊರಕೆಯಿಂದ ಗುಡಿಸಿ ಹಾಕುತ್ತಿದ್ದಳು, ಮತ್ತೆ ಬರುತ್ತಿತ್ತು. ಸುಣ್ಣ ಹೊಡೆಸಿದಳು, ಸುಣ್ಣದ ಮೇಲೂ ಬಂತು. ಹಿತ್ತಲಲ್ಲಿ ಹಾಕಿದ ಕರಿಬೇವು ಮೊಣಕಾಲೆತ್ತರಕ್ಕೆ ಬಂದು ಒಣಗಿತು.

ವಿಷಯ ಹೊರಬಿದ್ದದ್ದು ಶಿವಾಜಿನಗರದಲ್ಲಿ. ರವಿಕೆಗೆ ಒಳಗೆ ಕೊಡುವ ಲೈನಿಂಗ್ ಬಟ್ಟೆಯನ್ನು ಹೊಲಿಯುವ ಮೊದಲು ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಭಾವ ಆ ಕೆಲಸವನ್ನು ಮನೆಯಲ್ಲೇ ರಾತ್ರಿ ಬಾವಿ ನೀರಿನ ಬಕೆಟ್ಟಿನಲ್ಲಿ ಹಾಕಿ ಮುಗಿಸುತ್ತಿದ್ದರು. ಒಂದು ಸಂಜೆ ನಾನು ಅಂಗಡಿಯಲ್ಲಿದ್ದಾಗ ಒಬ್ಬ ಹೆಂಗಸು ರವಿಕೆಯ ಒಳಮೈ ತಿರುಗಿಸಿ ಭಾವನ ಮುಂದೆ ಹಿಡಿದಳು.

“ಕ್ಯಾ ಮಾಸ್ಟರ್, ಬಿಳಿ ಅಸ್ತರ್ ಕೊಟ್ರೆ ಅರಿಶಿನ ಹಾಕಿ ಕೊಟ್ಟಿದೀರ? ನಂದು ಮದುವೆ ಆಗಿ ಇಪ್ಪತ್ ವರ್ಷ ಆಯ್ತು!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭಾವ ನಗಲಿಲ್ಲ. ಬಿಳಿ ಲೈನಿಂಗಿನ ಒಂದು ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಟ್ಟೆಯ ಬಣ್ಣದಲ್ಲಿ ಅವರ ಕಣ್ಣು ಎಂದೂ ತಪ್ಪಿದ್ದಿಲ್ಲ.

ಮಾರನೆಯ ದಿನ ಬಾವಿಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನಮ್ಮ ಕಾರ್ಖಾನೆಯ ಲ್ಯಾಬಿಗೆ ಒಯ್ದೆ. ಅಲ್ಲಿ ಧಾರವಾಡದ ಕಡೆಯ ಒಬ್ಬ ಕೆಮಿಸ್ಟ್ ಇದ್ದರು. ನೋಡಿದರು, ಏನೋ ಹಾಕಿದರು, ನೀರು ನೇರಳೆಗೆ ತಿರುಗಿತು.

“ಇದನ್ನ ಯಾರ್ರೀ ನಿಮಗ ಕೊಟ್ಟಾರ? ಇದು ಪ್ಲೇಟಿಂಗ್ ತೊಟ್ಟಿ ನೀರು ಅಲ್ಲೇನ್ರೀ?”

“ಅಕ್ಕನ ಮನೆ ಬಾವಿ ನೀರು ಮೇಡಂ.”

ಅವರು ಬಾಟಲಿ ಕೆಳಗಿಟ್ಟರು. “ಕುಡ್ಯಾಕತ್ತಾರೇನು?” ಎಂದರು. ನಾನು ಉತ್ತರ ಹೇಳುವ ಮೊದಲೇ, “ಇವತ್ತಿಂದ ಬ್ಯಾಡ್ರಿ. ಮುಟ್ಟೋದೂ ಬ್ಯಾಡ,” ಎಂದರು. ಅದು ಕ್ರೋಮಿಯಂ, ಅದರಲ್ಲಿಯೂ ಕೆಟ್ಟ ಬಗೆಯದು ಎಂದು ವಿವರಿಸಿದರು. ನನಗೆ ನಿಂತಲ್ಲೇ ಶೆಡ್ಡಿನ ಅಂಗಳ ಕಣ್ಣ ಮುಂದೆ ಬಂತು.

ಅದಕ್ಕೂ ಮೊದಲಿನಿಂದಲೇ ಅಕ್ಕನ ಬೆರಳ ಸಂದಿಯಲ್ಲಿ ಗುಣವಾಗದ ಸಣ್ಣ ಸಣ್ಣ ಗಾಯಗಳಿದ್ದವು. ಸೋಪಿನಿಂದ ಎಂದುಕೊಂಡಿದ್ದಳು. ಭಾವ ಎರಡು ವರ್ಷದ ಮೇಲೆ ತೀರಿಕೊಂಡರು, ಎದೆನೋವಿನಿಂದ. ಅದನ್ನು ಈ ಮಣ್ಣಿಗೆ ಹಚ್ಚಿ ಹೇಳುವ ಹಕ್ಕು ನನಗಿಲ್ಲ. ಯಾವ ಡಾಕ್ಟರೂ ಹಾಗೆ ಹೇಳಲಿಲ್ಲ. ಆದರೆ ಬೇರೆಯವರಿಗೆ ಹೊಲಿದುಕೊಟ್ಟ ಬಟ್ಟೆಯಲ್ಲಿ ತಮ್ಮ ಮನೆಯ ನೀರು ಹೋಗಿದೆ ಎಂಬ ಅವಮಾನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅದನ್ನು ಅವರ ಬಾಯಿಂದಲೇ ಕೇಳಿದ್ದೇನೆ.

ಅಕ್ಕ ಕೇಳಿದ್ದು ಒಂದೇ. ನನ್ನ ಮನೆಯ ಸುತ್ತಲಿನ ಮಣ್ಣನ್ನು ತೆಗೆಯಲಿ, ಬಾವಿ ಮತ್ತೆ ಬಾವಿಯಾಗಲಿ. ಪರಿಹಾರ ಬೇಡ, ಶಿಕ್ಷೆ ಬೇಡ. ಶೆಡ್ಡಿನ ಅಂಗಳದಿಂದ ತೆಗೆಯಲು ಬಂದದ್ದು ನಮ್ಮ ಹಿತ್ತಲಿನಿಂದ ಯಾಕೆ ಬರುವುದಿಲ್ಲ? ಇದು ಅವಳ ಪ್ರಶ್ನೆ.

ಮಾಲಿನ್ಯದ ವಿಷಯ ನೋಡಿಕೊಳ್ಳುವ ಕಚೇರಿಗೆ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಮಾಹಿತಿ ಹಕ್ಕಿನ ಕಾಯಿದೆ ಬಂದ ಮೇಲೆ ಆ ಶೆಡ್ಡಿನ ಕಡತದ ಪ್ರತಿ ಕೇಳಿದೆವು. ಬಂತು. ಅದರಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ. ನೆಲ ಕೆಟ್ಟಿದೆ ಎಂದು ನೋಟಿಸು ಕೊಟ್ಟದ್ದು, ಮೇಲ್ಮಣ್ಣು ತೆಗೆಯಲು ಹೇಳಿದ್ದು, ತೆಗೆದ ಮೇಲೆ ಬಂದು ನೋಡಿದ್ದು, ಎಲ್ಲ ಕ್ರಮವಾಗಿತ್ತು. ಕೊನೆಯ ಹಾಳೆಯಲ್ಲಿ ಹೀಗಿತ್ತು: ‘ಕಲುಷಿತ ಮಣ್ಣನ್ನು ತೆಗೆದು ಬೇರೆಡೆಗೆ ಸಾಗಿಸಲಾಗಿದ್ದು, ಸದರಿ ನಿವೇಶನವು ಸ್ವಚ್ಛವಾಗಿರುತ್ತದೆ.’

ಅಕ್ಕ ನನ್ನ ಕೈಲಿ ಓದಿಸಿದಳು. ಮತ್ತೆ ಓದಿಸಿದಳು.

“ಬೇರೆಡೆ ಅಂದ್ರೆ?”

“ಬೇರೆ ಕಡೆ ಅಂತ.”

“ಬೇರೆ ಕಡೆ ಅಂದ್ರೆ ನಮ್ಮನೆ ಕಣೋ. ಹಂಗಂತ ಬರಿಯೋಕೆ ಏನ್ ದಾಡಿ ಇವ್ರಿಗೆ?”

ಅಷ್ಟು ಹೊತ್ತಿಗೆ ಆ ಶೆಡ್ಡಿನ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದು ನಿಂತಿತ್ತು. ಒಂದು ದಿನ ಗೇಟಿನವರೆಗೆ ಹೋಗಿ ನೋಡಿ ಬಂದೆ. ಹುಲ್ಲು ಹಸಿರಾಗಿತ್ತು. ಒಬ್ಬ ತಾಯಿ ಮಗುವನ್ನು ಬರಿಗಾಲಲ್ಲಿ ಅದರ ಮೇಲೆ ನಡೆಸುತ್ತಿದ್ದಳು. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಆ ನೆಲ ನಿಜವಾಗಿ ಸ್ವಚ್ಛವಾಗಿದೆ, ಕಡತ ಸುಳ್ಳು ಹೇಳಿಲ್ಲ.

ಅಕ್ಕನನ್ನು ಕರೆದುಕೊಂಡು ಕಚೇರಿಗೆ ಹೋದೆ. ಅಧಿಕಾರಿ ಒರಟು ಮನುಷ್ಯರಲ್ಲ. ಕುರ್ಚಿ ಹಾಕಿಸಿ ಚಹಾ ತರಿಸಿದರು.

“ಸಾರ್, ರೆಕಾರ್ಡ್ ಪ್ರಕಾರ ಫೈಲ್ ಕ್ಲೋಸ್ ಆಗಿದೆ. ಆ ಸೈಟ್ ಕ್ಲೀನು,” ಎಂದರು.

“ಆ ಸೈಟ್ ಕ್ಲೀನ್ ಆಯ್ತು ಸ್ವಾಮಿ. ನಮ್ ಸೈಟು?” ಎಂದಳು ಅಕ್ಕ.

“ನಿಮ್ದು ಫೈಲಲ್ಲೇ ಇಲ್ವಲ್ಲಮ್ಮ. ಫೈಲಲ್ಲಿ ಇಲ್ದೇ ಇರೋದನ್ನ ನಾನು ಹೇಗೆ ಕ್ಲೀನ್ ಮಾಡ್ಸ್ಲಿ?”

“ಹಾಗಾದ್ರೆ ಸೇರಿಸಿ.”

ಅಧಿಕಾರಿ ಆಗ ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದರು, ಎಲ್ಲಿ ನಿಂತಿದ್ದೆ, ಯಾವಾಗ ಎಂದು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು. “ನೀವು ಇವರ ತಮ್ಮ. ನಿಮ್ಮ ಹೇಳಿಕೆ ಒಂದೇ ಸಾಲಲ್ಲ. ಬೀದಿಯೋರು ಇಬ್ರು ಮೂರು ಜನ ಹೇಳ್ಬೇಕು, ಮಣ್ಣು ಅಲ್ಲಿಂದಾನೇ ಬಂತು ಅಂತ. ಆಮೇಲೆ ಸ್ಯಾಂಪಲ್ ತೆಗಿಯೋಕೆ ಆರ್ಡರ್ ಮಾಡಿಸ್ತೀನಿ.”

ಮೊದಲು ಚಾಲಕನನ್ನು ಹುಡುಕಿದೆ. ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ಬೋರ್‌ವೆಲ್‌ಗಳೂ ಹಳದಿಯಾದ ಮೇಲೆ ಎಲ್ಲರೂ ಟ್ಯಾಂಕರಿಗೆ ಫೋನು ಮಾಡುತ್ತಿದ್ದರು. ಆ ಟ್ಯಾಂಕರು ಅವನದೇ. ಅದೇ ಟ್ರ್ಯಾಕ್ಟರು, ಹಿಂದೆ ಟ್ರೇಲರಿನ ಬದಲು ನೀರಿನ ತೊಟ್ಟಿ. ಮಣ್ಣು ಹೊಡೆದವನೇ ಈಗ ನೀರು ಹೊಡೆಯುತ್ತಿದ್ದ. ರೈಲ್ವೆ ಸ್ಟೇಷನ್ ಬಳಿಯ ಟೀ ಅಂಗಡಿಯಲ್ಲಿ ಸಿಕ್ಕ.

“ನಿಮ್ಮ ಜ್ಞಾಪಕ ಐತೆ ಸಾರ್. ಮಡ್‌ಗಾರ್ಡ್ ಮೇಲೆ ಕೂತ್ಕೊಂಡ್ ಬಂದ್ರಿ.”

“ಅದನ್ನೇ ಬಂದು ಹೇಳು ಸಾಕು.”

“ನಾನು ಡ್ರೈವರ್ರು ಸಾರ್. ಎತ್ತು ಅಂದ್ರು ಎತ್ದೆ. ಹಾಕು ಅಂತ ಬೋರ್ಡ್ ಹಾಕಿದ್ದು ನೀವು. ಒಳ್ಳೇ ಮಣ್ಣು ಬೇಕು ಅಂತ ಬರ್ದಿದ್ರೆ ಒಳ್ಳೇದ್ ತರ್ತಿದ್ದೆ.” ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ, ತಗ್ಗಿದ ದನಿಯಲ್ಲಿ, “ಹೇಳಿದ್ರೆ ಮೊದ್ಲು ನನ್ನೇ ಹಿಡ್ಕೊಂಡ್ ಹೋಗ್ತಾರೆ ಸಾರ್. ಶೆಡ್ಡಿನೋರನ್ನಲ್ಲ,” ಎಂದ.

ಮೂಲೆಯ ದಿನಸಿ ಅಂಗಡಿಯವರು ಅಕ್ಕನಿಗೆ ಇನ್ನೂ ನೇರವಾಗಿ ಹೇಳಿದರು. ಆ ಹೊತ್ತಿಗೆ ಸುತ್ತಲೂ ಐಟಿ ಕಂಪನಿಗಳು ಬಂದು ಸೈಟಿನ ಬೆಲೆ ಏರುತ್ತಿತ್ತು.

“ನೋಡಮ್ಮ, ನಮ್ ತಾತ ಇಲ್ಲಿ ರಾಗಿ ಬೆಳೀತಿದ್ದ. ಈಗ ನಂಗೆ ಉಳಿದಿರೋ ಬೆಳೆ ಸೈಟ್ ಮಾರೋದೊಂದೇ. ಸರ್ಕಾರದ ಕಾಗದದಲ್ಲಿ ವಿಷ ಅಂತ ಬರೆಸಿದ್ರೆ ನಿನ್ ಮನೆ ಒಂದೇ ಅಲ್ಲ, ಬೀದಿಗ್ ಬೀದೀನೇ ಕೆಡ್ತದೆ.”

“ಬರೀದಿದ್ರೆ ಕೆಟ್ಟಿಲ್ವಾ ಅಣ್ಣ?”

“ಬರೀದಿದ್ರೆ ನೀರು ಕೆಟ್ಟಿರ್ತದೆ. ಬರೆದ್ರೆ ರೇಟ್ ಕೆಡ್ತದೆ. ನೀರು ಟ್ಯಾಂಕರಲ್ಲಿ ಬರ್ತದೆ.”

ಅಧಿಕಾರಿ ಜೀಪಿನಲ್ಲಿ ವಿಚಾರಣೆಗೆ ಬಂದ ದಿನ ಬೀದಿಯವರೆಲ್ಲ ಅಂಗಡಿಯ ಮುಂದೆ ಸೇರಿದ್ದರು. ಅಕ್ಕ ಹಿತ್ತಲಿನಿಂದ ಹಾರೆ ತಂದು ಕೈಯಲ್ಲಿ ಹಿಡಿದು ನಿಂತಿದ್ದಳು. ಅಗೆದು ನೋಡಿ ಎಂದಳು. ಹೇಳಿಕೆ ಮುಗಿಯಲಿ ಎಂದರು ಅಧಿಕಾರಿ. ಅಂಗಡಿಯವರನ್ನು ಕೇಳಿದರು.

“ಕೆರೆ ಮಣ್ಣು ಸಾರ್,” ಎಂದರು ಅವರು. “ಹೂಳು ಎತ್ತಿದಾಗ ಹೊಡೆಸಿದ್ದು. ಊರಿಗೇ ಗೊತ್ತು.”

ನಾನು ಆ ಮಾತಿಗೆ ಸಿದ್ಧನಾಗಿರಲಿಲ್ಲ. ಸುಮ್ಮನಿರುತ್ತಾರೆ ಎಂದುಕೊಂಡಿದ್ದೆ. ಸುಳ್ಳು ಹೇಳುತ್ತಾರೆ, ಅದರಲ್ಲೂ ಕೆರೆ ಮಣ್ಣು ಎನ್ನುತ್ತಾರೆ ಎಂದುಕೊಂಡಿರಲಿಲ್ಲ. ಗಿಡಕ್ಕೆ ಹಾಕಲು ಜನ ಬೇಡಿ ಒಯ್ಯುವ ಮಣ್ಣು ಅದು.

ಅಕ್ಕ ಹೂವಿನವಳ ಕಡೆ ತಿರುಗಿದಳು. “ನೀನ್ ಹೇಳೇ. ಅವತ್ತು ಮಜ್ಜಿಗೆ ತಂದುಕೊಟ್ಟೋಳು ನೀನೇ ಅಲ್ವಾ?”

ಹೂವಿನವಳ ಮಗನ ಮದುವೆಗೆಂದು ಆ ಶೀಟಿನ ಮನೆಯ ಜಾಗ ಮಾರುವ ಮಾತು ನಡೆದಿತ್ತು. ಅವಳು ಸೆರಗಿನ ತುದಿ ತಿರುಚುತ್ತ ನೆಲ ನೋಡಿದಳು.

“ಮಜ್ಜಿಗೆ ಕೊಟ್ಟಿದ್ದು ಜ್ಞಾಪಕ ಇದೆ ಅಕ್ಕ. ಮಣ್ಣು ಜ್ಞಾಪಕ ಇಲ್ಲ.”

ಅಕ್ಕ ಹಾರೆಯನ್ನು ಗೋಡೆಗೆ ಒರಗಿಸಿದಳು. ಅಧಿಕಾರಿ ಅಗೆಯಲಿಲ್ಲ. ಹೇಳಿಕೆ ಇಲ್ಲದೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದೆ ಸ್ಯಾಂಪಲ್ ಇಲ್ಲ ಎಂದು ಜೀಪು ಹತ್ತುವಾಗ ನನಗೆ ವಿವರಿಸಿದರು, ನಿಜವಾದ ಬೇಸರದಿಂದಲೇ.

ಕೆಲವು ವಾರಗಳಲ್ಲಿ ಕಾಗದ ಬಂತು. ಅಕ್ಕನ ಸೈಟು ಕೊನೆಗೂ ಸರ್ಕಾರದ ಕಡತ ಸೇರಿತ್ತು. ‘ಸ್ಥಳೀಯ ನಿವಾಸಿಗಳ ಹೇಳಿಕೆಯಂತೆ ಸದರಿ ನಿವೇಶನದಲ್ಲಿ ತುಂಬಿರುವುದು ಕೆರೆಯ ಹೂಳಾಗಿದ್ದು, ಕಲುಷಿತವೆಂದು ಕಂಡುಬಂದಿರುವುದಿಲ್ಲ.’ ಮೊದಲು ಕಾಗದದಲ್ಲಿ ಇಲ್ಲದಿದ್ದ ನೆಲ ಈಗ ಕಾಗದದಲ್ಲಿ ಒಳ್ಳೆಯ ನೆಲವಾಗಿತ್ತು. ಮತ್ತೆ ಅರ್ಜಿ ಹಾಕಿದರೆ ಈ ಸಾಲನ್ನೇ ತೋರಿಸುತ್ತಾರೆ. ತೋರಿಸಿದರು ಕೂಡ.

ಬೀದಿಯ ಸೈಟುಗಳು ಒಂದೊಂದಾಗಿ ಮಾರಾಟವಾದವು. ಅಕ್ಕನ ಮನೆಗೂ ಕೊಳ್ಳುವವರು ಬಂದರು. ಹುಬ್ಬಳ್ಳಿಯ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದವರು, ಮರ್ಯಾದೆಯ ಜನ. ಒಳಗೆ ಬಂದು ಕುಳಿತು ಗಂಡ ಕೇಳಿದರು, “ಸೈಟ್ ಕ್ಲೀನ್ ಐತೇನ್ರೀ ಅಮ್ಮಾರ?”

“ಇಲ್ಲಪ್ಪ,” ಎಂದಳು ಅಕ್ಕ. “ಕೆಳಗೆ ವಿಷದ ಮಣ್ಣಿದೆ. ಬಾವಿ ನೀರು ಮುಟ್ಟೋ ಹಾಗಿಲ್ಲ.”

ಅವರು ಗೊಂದಲಗೊಂಡು ನಕ್ಕರು. “ಅದಲ್ರೀ. ಪೇಪರ್ ಕ್ಲೀನ್ ಅದಾವೋ ಇಲ್ಲೋ ಅಂತ ಕೇಳಿದೆ.”

“ಪೇಪರ್ ಬಹಳ ಕ್ಲೀನು,” ಎಂದಳು. ಆಮೇಲೆ ಆ ಹೆಂಡತಿಯನ್ನು ಒಳಗೆ ಕರೆದು ತನ್ನ ಬೆರಳ ಸಂದಿಗಳನ್ನು ತೋರಿಸಿದಳಂತೆ. ಅವರು ಮತ್ತೆ ಬರಲಿಲ್ಲ. ಆ ಮೇಲೆ ಬಂದ ಬ್ರೋಕರುಗಳಿಗೂ ಇದನ್ನೇ ಹೇಳಿದಳು. ಅವರು ಆ ಮನೆಗೆ ಯಾರನ್ನೂ ಕರೆತರುವುದನ್ನು ಬಿಟ್ಟರು. ಅಂಗಡಿಯವರು ಅವಳೊಂದಿಗೆ ಮಾತು ಬಿಟ್ಟರು. ನಮ್ಮ ಮನೆಯ ಮೇಲಿನ ಕೋಣೆಗೆ ಬಂದುಬಿಡು ಎಂದು ಎಷ್ಟು ಕರೆದರೂ ಅವಳ ಉತ್ತರ ಒಂದೇ: “ಬೀಗ ಹಾಕ್ಕೊಂಡ್ ಬಂದ್ರೆ ಯಾರಾದ್ರೂ ಬಾಡಿಗೆಗೆ ಕೇಳ್ತಾರೆ ಕಣೋ. ನೀನು ಕೊಟ್ಬಿಡ್ತೀಯ. ಅವ್ರ ಮಕ್ಕಳಿಗೆ ಬಾವಿ ವಿಷಯ ಯಾರ್ ಹೇಳ್ತಾರೆ?”

ಮಣ್ಣು ಎಲ್ಲಿಂದ ಬಂತು ಎಂದು ಯಾವಾಗಲಾದರೂ ಯಾರಾದರೂ ಕೇಳಿಕೊಂಡು ಬಂದರೆ ಅನುಕೂಲವಾಗಲಿ ಎಂದು, ನೋಡಿದವರು ಯಾರು ಎಂಬುದನ್ನೂ ಬರೆದಿಡುತ್ತೇನೆ. ಹೆಸರು ಬರೆದಿಲ್ಲ. ಬೀದಿಯಲ್ಲಿ ಕೇಳಿದರೆ ಹೇಳುತ್ತಾರೆ. ಭಾವ ಇಲ್ಲ. ಅಂಗಡಿಯವರೂ ಈಗಿಲ್ಲ. ಕರ್ಚೀಫು ಕಟ್ಟಿದ್ದ ಮೇಸ್ತ್ರಿಯನ್ನು ನಾನು ಮತ್ತೆ ನೋಡಲಿಲ್ಲ, ಅವನ ವಿಷಯ ನನಗೆ ಗೊತ್ತಿಲ್ಲ. ಹೂವಿನವಳು ಇದ್ದಾಳೆ, ಕಮ್ಮನಹಳ್ಳಿಯಲ್ಲಿ ಮಗನ ಮನೆಯಲ್ಲಿ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಚಾಲಕ ಇದ್ದಾನೆ, ಅವನ ನಂಬರು ಆ ಬೀದಿಯ ಪ್ರತಿ ಗೇಟಿನ ಮೇಲೂ ಇದೆ. ನಾನಿದ್ದೇನೆ, ಹಲಸೂರಿನಲ್ಲಿ. ಅಕ್ಕ ಇದ್ದಾಳೆ, ಅದೇ ಮನೆಯಲ್ಲಿ. ಹಗಲು ಯಾವಾಗ ಹೋದರೂ ಸಿಗುತ್ತಾಳೆ. ನೀರು ಕೊಟ್ಟರೆ ಕುಡಿಯಬಹುದು, ಅದು ಟ್ಯಾಂಕರಿನದು.